ಕಾರಿಗೆ ಯಾವ ಕಂಪನಿ ಪೆಟ್ರೋಲ್ ಒಳ್ಳೇದು?

ಕಲಬುರಗಿಯಲ್ಲಿ ಕಾರು ತಗೊಂಡಿದ್ದೀನಿ, ಯಾವ ಕಂಪನಿ ಪೆಟ್ರೋಲ್ ಹಾಕಿಸಲಿ ಅಂತ ಕೇಳಿದ್ದೀರಿ. ನಾನೂ ಆರು ವರ್ಷ ಇದೇ ಲೆಕ್ಕದಲ್ಲಿದ್ದೆ. ರಿಸರ್ವ್ ಬಂದರೂ ಬೇರೆ ಕಂಪನಿ ಬಂಕ್‌ಗೆ ಗಾಡಿ ತಿರುಗಿಸುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಬೀದರ್‌ನಿಂದ ಮದುವೆ ಮುಗಿಸಿ ಬರುತ್ತಿದ್ದೆವು. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಹುಮನಾಬಾದ್‌ನಲ್ಲಿ ಎರಡು ಬಂಕ್ ಬಿಟ್ಟು ಬಂದೆ, ನನ್ನ ಕಂಪನಿ ಅಲ್ಲ ಅಂತ. ಮುಂದೆ ಹೈವೇ ಪಕ್ಕ ನನ್ನ ಬೋರ್ಡ್ ಕಂಡಿತು. ಟ್ಯಾಂಕರ್‌ನವರು ಆಗಷ್ಟೇ ಪೆಟ್ರೋಲ್ ಇಳಿಸಿ ಪೈಪ್ ಬಿಚ್ಚುತ್ತಿದ್ದರು. ನೆಲದ ಟ್ಯಾಂಕಿನ ಮುಚ್ಚಳದ ಸುತ್ತ ಕೆಂಪು ನೀರು ನಿಂತಿತ್ತು. ಅದನ್ನ ಕಣ್ಣಾರೆ ನೋಡಿಯೂ ಫುಲ್ ಟ್ಯಾಂಕ್ ಅಂದೆ.

ನಾನು ಮಾಡಿದ ತಪ್ಪು ಇದೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೆಲದ ಟ್ಯಾಂಕಿನ ತಳದಲ್ಲಿ ಕಸ, ತುಕ್ಕು, ಕೆಲವು ಸಲ ನೀರೂ ಕೂತಿರುತ್ತದೆ. ಮೇಲಿಂದ ಸಾವಿರಾರು ಲೀಟರ್ ಬಿದ್ದರೆ ಅಷ್ಟೂ ಕಲಕಿ ಏಳುತ್ತದೆ. ಇನ್ನೊಂದು ವಿಷಯ, ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಅನ್ನೋ ಆಲ್ಕೋಹಾಲ್ ಬೆರೆಸಿರುತ್ತಾರೆ. ಅದು ನೀರನ್ನ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಅರ್ಧ ತಾಸು ಕಾದಿದ್ದರೆ ಕಸ ಕೂರುತ್ತಿತ್ತು. ಇನ್ನೂರು ರೂಪಾಯಿದು ಹಾಕಿಸಿದ್ದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತಿತ್ತು. ಬೋರ್ಡ್ ನಂಬಿ ಫುಲ್ ಮಾಡಿಸಿದೆ.

ಕಮಲಾಪುರ ಬರೋದಕ್ಕೆ ಮೊದಲೇ ಗಾಡಿ ಜರ್ಕ್ ಹೊಡೆದು ನಿಂತಿತು. ಒಳಗೆ ವಯಸ್ಸಾದ ಅವ್ವ, ಹೊರಗೆ ಮಳೆ. ಮೆಕ್ಯಾನಿಕ್ ಬಂದು ನೀರಿನ ಬಾಟಲಿಗೆ ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿದ. ಕೆಳಗೆ ನಾಲ್ಕು ಬೆರಳು ಮಸುಕು ನೀರು, ಮೇಲೆ ಪೆಟ್ರೋಲ್. "ಅಣ್ಣಾರ, ನೀರೇ ಜಾಸ್ತಿ ಅದ ನೋಡ್ರಿ" ಅಂದ. ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್, ಫ್ಯೂಯೆಲ್ ಪಂಪ್ ಬದಲಾಯಿಸಿ 14 ಸಾವಿರ ಹೋಯಿತು.

ಹಾಗಾಗಿ ಕಂಪನಿ ಯಾವುದು ಅನ್ನೋ ಪ್ರಶ್ನೆಯನ್ನೇ ಬಿಡಿ. ಸಾದಾ ಪೆಟ್ರೋಲ್ ಎಲ್ಲರದ್ದೂ ಒಂದೇ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡಕ್ಕೆ ಸರಿಹೊಂದಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಪೆಟ್ರೋಲೇ, ಅಂದರೆ ಹೊಗೆ ಮಾಲಿನ್ಯ ತಗ್ಗಿಸೋ ಸರ್ಕಾರಿ ನಿಯಮಕ್ಕೆ ತಕ್ಕದ್ದು. ಸರ್ಕಾರಿ ಕಂಪನಿಗಳು ಒಬ್ಬರ ಡಿಪೋದಿಂದ ಇನ್ನೊಬ್ಬರು ಮಾಲು ತುಂಬಿಸಿಕೊಳ್ಳೋದೂ ಉಂಟು. ಪ್ರೀಮಿಯಂ ಕೂಡ, ಗಾಡಿ ಮ್ಯಾನುವಲ್ ಕೇಳದಿದ್ದರೆ ಸುಮ್ನೆ ದುಡ್ಡು ದಂಡ.

ಬಂಕ್ ಹೇಗಿದೆ ನೋಡಿ. ನಾನೀಗ ರಿಂಗ್ ರೋಡಿನಲ್ಲಿ ಆಟೋದವರು ಸಾಲು ನಿಲ್ಲುವ ಕಡೆ ಹಾಕಿಸುತ್ತೇನೆ, ಅಲ್ಲಿ ಮಾಲು ಬೇಗ ಖಾಲಿಯಾಗಿ ಹೊಸದು ಬರುತ್ತದೆ. ಟ್ಯಾಂಕರ್ ಕಂಡರೆ ಮುಂದೆ ಹೋಗುತ್ತೇನೆ. ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳಿ, ಪುಕ್ಕಟೆ ಕೊಡಬೇಕು. ಒಂದು ಹನಿ ಬಿಟ್ಟು ಆರಿದ ಮೇಲೆ ಕಲೆ ಉಳಿದರೆ ಕಲಬೆರಕೆ ಇರಬಹುದು. ನೀರು ಮಾತ್ರ ಇದರಲ್ಲಿ ಗೊತ್ತಾಗಲ್ಲ. ಅದಕ್ಕೆ ಬಂಕ್‌ನವರ ಹತ್ತಿರ ಪೇಸ್ಟ್ ಇರುತ್ತದೆ, ಅಳತೆ ಕೋಲಿಗೆ ಹಚ್ಚಿ ಟ್ಯಾಂಕಿಗೆ ಇಳಿಸಿದರೆ ನೀರು ತಾಗಿದಷ್ಟು ಬಣ್ಣ ಬದಲಾಗುತ್ತದೆ. ತೋರಿಸಿ ಅನ್ನಿ, ನಾಚಿಕೆ ಬೇಡ.

ಹಾಕಿಸಿದ ಕೂಡಲೇ ಗಾಡಿ ಜರ್ಕ್ ಹೊಡೆದರೆ ಮತ್ತೆ ಮತ್ತೆ ಸೆಲ್ಫ್ ಹೊಡೀಬೇಡಿ, ಟೋ ಮಾಡಿಸಿ. ದೂರು ಕೊಡೋದಕ್ಕೆ ಬಿಲ್ ಜೊತೆ ಆ ಪೆಟ್ರೋಲ್ ಒಂದು ಬಾಟಲಿ ಎತ್ತಿಡಿ.