ಮನೆಗೆ ಬೀಗ ಹಾಕಿ ತಿಂಗಳು ಹೊರಗಿದ್ದರೆ ಸಿಪಿಯುಗೆ ಯಾವ ಕೇಬಲ್ ಲಾಕ್ ಒಳ್ಳೆಯದು?

ನಿಮ್ಮದು ಉಡುಪಿ ಕಡೆಯ ಹಂಚಿನ ಮನೆ, ಮೇ ಪೂರ್ತಿ ನೀವು ಮುಂಬಯಿಯಲ್ಲಿ ಎಂದಿದ್ದೀರಿ. ನಮ್ಮ ಮನೆಯೂ ಹೀಗೆ ಬೀಗ ಹಾಕಿಕೊಂಡೇ ಇರುತ್ತಿತ್ತು, ಆತಂಕ ಅರ್ಥವಾಗುತ್ತದೆ. ಆದರೆ ಲಾಕ್‌ನಿಂದ ಶುರು ಮಾಡಬೇಡಿ. ಹಂಚು ಸರಿಸಿ ಒಳಗಿಳಿದವನಿಗೆ ಆ ಕೇಬಲ್ ಕತ್ತರಿಸಲು ಒಳ್ಳೆಯ ಕಟ್ಟರ್ ಒಂದಿದ್ದರೆ ಸಾಕು.

ಜನ ನಿಜವಾಗಿ ಕೆಡುವುದು ಬ್ಯಾಕಪ್ ವಿಷಯದಲ್ಲಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡಿರುತ್ತಾರೆ, ಫೋಟೋ, ಜಾಗದ ಕಾಗದಪತ್ರದ ಸ್ಕ್ಯಾನ್ ಎಲ್ಲ ಹಾಕಿರುತ್ತಾರೆ, ಆಮೇಲೆ ಅದನ್ನು ಅದೇ ಮೇಜಿನ ಡ್ರಾಯರ್‌ನಲ್ಲಿಡುತ್ತಾರೆ. ಸಿಪಿಯು ಹೊತ್ತವನು ಅದನ್ನೂ ಚೀಲಕ್ಕೆ ಹಾಕುತ್ತಾನೆ. ಕಬ್ಬಿಣದ ಕಪಾಟಿನಲ್ಲಿಟ್ಟರೂ ಅಷ್ಟೇ, ಚಿನ್ನ ಹುಡುಕುವವನು ಮೊದಲು ಒಡೆಯುವುದೇ ಕಪಾಟು. ಡಿಸ್ಕ್ ಬೇರೆ ಮನೆಯಲ್ಲಿರಬೇಕು, ಅಕ್ಕನ ಮನೆಯೋ ಮಾವನ ಮನೆಯೋ. ನಮ್ಮ ಮಳೆಗಾಲದ ತೇವಕ್ಕೆ ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಎರಡನೆಯದು ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸುವುದು. ವಿಂಡೋಸ್ ಪಾಸ್‌ವರ್ಡ್ ಒಂದೇ ಇದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದ ಕೂಡಲೇ ಎಲ್ಲ ಫೈಲ್ ತೆರೆದುಕೊಳ್ಳುತ್ತದೆ. ಕಂಪ್ಯೂಟರ್ ಶುರುವಾಗುವಾಗಲೇ ಕೇಳುವ ಬಯಾಸ್ ಪಾಸ್‌ವರ್ಡೂ ಡಿಸ್ಕಿನಲ್ಲಿರುವುದನ್ನು ಕಾಯುವುದಿಲ್ಲ. ವಿಂಡೋಸ್ ಪ್ರೊ ಇದ್ದರೆ ಅದರಲ್ಲೇ ಇರುವ ಎನ್‌ಕ್ರಿಪ್ಷನ್ ಸೌಲಭ್ಯ ಬಿಟ್‌ಲಾಕರ್ ಆನ್ ಮಾಡಿ. ಹೋಮ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಇದೆಯೇ ನೋಡಿ. ಅಸೆಂಬಲ್ ಮಾಡಿಸಿದ ಮಷಿನ್‌ನಲ್ಲಿ ಅದು ಕಾಣದಿದ್ದರೆ ಬಯಾಸ್‌ನಲ್ಲಿ ಟಿಪಿಎಂ (ಎನ್‌ಕ್ರಿಪ್ಷನ್ ಕೀ ಕಾಯುವ ಚಿಪ್) ಆಫ್ ಇದೆಯೇ ಪರೀಕ್ಷಿಸಿ. ಆಗಲೂ ಬಾರದಿದ್ದರೆ ಇದೇ ಕೆಲಸ ಮಾಡುವ ವೆರಾಕ್ರಿಪ್ಟ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಬಿಟ್‌ಲಾಕರ್ ಕೊಡುವ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದು ಮನೆಯ ಹೊರಗಿಡಿ. ಅದು ಕಳೆದರೆ ನಿಮಗೇ ಡಿಸ್ಕ್ ತೆರೆಯದೆ ಹೋಗಬಹುದು.

ಇಷ್ಟಾದ ಮೇಲೆ ಲಾಕ್ ಹಾಕಿ, ಬೇಡ ಅನ್ನುವುದಿಲ್ಲ. ಕ್ಯಾಬಿನೆಟ್ ಹಿಂಭಾಗದ ಕೊಂಡಿಗೆ ಹಿತ್ತಾಳೆ ಬೀಗ ಹಾಕಿ, ಕಡಲ ಗಾಳಿಗೆ ಕಬ್ಬಿಣದ್ದು ಬೇಗ ತುಕ್ಕು ಹಿಡಿಯುತ್ತದೆ. ಕೇಬಲನ್ನು ಮೇಜಿನ ಕಾಲಿಗೆ ಸುತ್ತಬೇಡಿ, ಮೇಜು ಎತ್ತಿದರೆ ಜಾರಿ ಬರುತ್ತದೆ. ಕೇಬಲ್ ಕಟ್ಟಲೆಂದು ಕೆಂಪುಕಲ್ಲಿನ ಗೋಡೆಗೆ ಆಂಕರ್ ಬೋಲ್ಟ್ ಹೊಡೆಯುವುದೂ ದಂಡ. ಬಿಗಿದಷ್ಟೂ ಕಲ್ಲು ಪುಡಿಯಾಗಿ ಬೋಲ್ಟ್ ಸಡಿಲವಾಗುತ್ತದೆ. ಕಾಂಕ್ರೀಟ್ ಕಂಬ ಅಥವಾ ಸ್ಲ್ಯಾಬ್ ಇದ್ದರೆ ಅಲ್ಲಿಗೇ ಹೊಡೆಸಿ.

ಹೊರಡುವ ಮುಂಚೆ ಮದರ್‌ಬೋರ್ಡ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್‌ಗಳ ಸೀರಿಯಲ್ ನಂಬರ್, ಬಿಲ್ಲಿನ ಫೋಟೋ ಫೋನಿಗೆ ಹಾಕಿಕೊಳ್ಳಿ. ಅಸೆಂಬಲ್ ಮಾಡಿಸಿದ್ದಕ್ಕೆ ಇಡೀ ಮಷಿನ್‌ಗೊಂದು ನಂಬರ್ ಸಾಮಾನ್ಯವಾಗಿ ಇರುವುದಿಲ್ಲ, ಠಾಣೆಯಲ್ಲಿ ದೂರು ಕೊಡುವಾಗ ಬಿಡಿಭಾಗದ ನಂಬರುಗಳೇ ಗುರುತು.