ಮಳೆಯ ರಜೆಯಲ್ಲಿ ಮಕ್ಕಳ ಕೈಕಾಲಿಗೆ ಕೆಲಸ

ಪ್ರಶ್ನೆ: ನನಗೆ ಆರು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ಜೋರು ಮಳೆಯೆಂದು ಅಂಗನವಾಡಿ, ಶಾಲೆಗಳಿಗೆ ರಜೆ ಕೊಟ್ಟ ದಿನ ಇಬ್ಬರೂ ಎರಡು ಕೋಣೆಯ ಬಾಡಿಗೆ ಮನೆಯಲ್ಲೇ ಇರಬೇಕಾಗುತ್ತದೆ. ಬೆಳಿಗ್ಗೆ ಎದ್ದೊಡನೆ ಬಣ್ಣದ ಪೆನ್ಸಿಲ್, ಪುಸ್ತಕ ಎಲ್ಲವನ್ನೂ ಮುಂದಿಟ್ಟರೂ ಸ್ವಲ್ಪ ಹೊತ್ತಿನಲ್ಲೇ ಬೇಸರ, ಆಮೇಲೆ ಜಗಳ, ಕೊನೆಗೆ ಮೊಬೈಲ್. ನಮ್ಮ ಯಜಮಾನರು ಟ್ರಾಲರ್ ದೋಣಿಯಲ್ಲಿ ದುಡಿಯುವವರು. ಮೀನುಗಾರಿಕೆ ನಿಷೇಧವಿರುವ ಎರಡು ತಿಂಗಳು ಮನೆಯಲ್ಲೇ ಇದ್ದರೂ ಮಕ್ಕಳನ್ನು ಆಡಿಸುವುದು ತಮಗೆ ತಿಳಿಯದು ಎನ್ನುತ್ತಾರೆ. ದುಬಾರಿ ಆಟಿಕೆ ಕೊಳ್ಳುವ ಅನುಕೂಲ ನಮಗಿಲ್ಲ. ಏನು ಮಾಡಬೇಕು?
– ಹೆಸರು ಬೇಡ, ಕಾರವಾರ

ಉತ್ತರ: ನಿಮ್ಮ ಮಕ್ಕಳಿಗೆ ಬೇಸರ ಬರುತ್ತಿರುವುದು ಆಟಿಕೆ ಇಲ್ಲದ ಕಾರಣಕ್ಕಲ್ಲ, ಮೈಗೆ ಕೆಲಸವಿಲ್ಲದ ಕಾರಣಕ್ಕೆ ಎಂದು ನನಗೆ ಅನ್ನಿಸುತ್ತದೆ. ಓಡಿ ದಣಿಯಬೇಕಾದ ಮಗುವನ್ನು ಎದ್ದೊಡನೆ ಕೂರಿಸಿ ಬಣ್ಣ ತುಂಬು ಎಂದರೆ ಅದು ಹೆಚ್ಚು ಹೊತ್ತು ಕೂರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಚೆನ್ನಾಗಿ ಕುಣಿದು ಓಡಿ ಉಸಿರು ಏರುವಂತಿರಬೇಕು. ಮಳೆ ಬಂತೆಂದು ಈ ಅಗತ್ಯ ತಪ್ಪುವುದಿಲ್ಲ. ಆದ್ದರಿಂದ ಬೆಳಗಿನ ಹೊತ್ತು ಕಾಲಿಗೆ, ಆಮೇಲೆ ಕೈಗೆ ಎಂದು ಕ್ರಮವನ್ನು ತಿರುಗಿಸಿ ನೋಡಿ.

ಹಾಸಿಗೆಗಳನ್ನು ಸುರುಳಿ ಸುತ್ತಿ ನಡುಮನೆಯಲ್ಲಿ ಅಡ್ಡ ಹಾಕಿದರೆ ಹತ್ತಿ ಇಳಿಯುವ ಗುಡ್ಡವಾಗುತ್ತದೆ. ಎರಡು ಕುರ್ಚಿಗಳ ಮೇಲೆ ಹಳೆಯ ಸೀರೆ ಹೊದಿಸಿದರೆ ನುಸುಳುವ ಗುಹೆ ಸಿದ್ಧ. ನೆಲದ ಮೇಲೆ ಸೀಮೆಸುಣ್ಣದಿಂದ ಕುಂಟಾಬಿಲ್ಲೆಯ ಮನೆಗಳನ್ನು ಬರೆದುಕೊಡಿ. ಒಬ್ಬರು ಕುಳಿತು ಇನ್ನೊಬ್ಬರು ಎಳೆಯುವ ಹಾಳೆಯ ಗಾಡಿಗೆ ಅಡಿಕೆ ಹಾಳೆ ಸಿಗದಿದ್ದರೆ ದಪ್ಪ ಬೆಡ್‌ಶೀಟ್ ಸಾಕು. ಮಳೆಗಾಲದಲ್ಲಿ ನೆಲ ಬೆವರಿ ಜಾರುತ್ತದೆಯಾದ್ದರಿಂದ ಮೊದಲು ಒಣಬಟ್ಟೆಯಿಂದ ಒರೆಸಿಕೊಳ್ಳಿ, ಬಾಗಿಲುಗಳು ಗಾಳಿಗೆ ಬಡಿದು ಬೆರಳು ಸಿಕ್ಕದಂತೆ ಅಡೆ ಕೊಡಿ.

ನಿಮ್ಮ ಯಜಮಾನರಿಗೆ ಆಡಿಸಲು ತಿಳಿಯದು ಎಂಬ ಮಾತನ್ನು ನಾನು ಒಪ್ಪಲಾರೆ. ಜೂನ್ 1ರಿಂದ ಜುಲೈ 31ರವರೆಗೆ ಪಡುವಣ ಕರಾವಳಿಯ ಮೀನುಗಾರ ಕುಟುಂಬಗಳ ಮಕ್ಕಳಿಗೆ ತಂದೆ ಹಗಲಿಡೀ ಸಿಗುತ್ತಾರೆ. ಉಳಿದ ತಿಂಗಳುಗಳಲ್ಲಿ ಸಿಗದ ಈ ಅವಕಾಶವನ್ನು ದಯವಿಟ್ಟು ಕಳೆದುಕೊಳ್ಳಬೇಡಿ. ಅವರಿಗೆ ಗಂಟು ಹಾಕುವುದು ಗೊತ್ತು. ಮಕ್ಕಳ ಕೈಗೆ ಹಿಡಿಯಲು ಬರುವಷ್ಟು ದಪ್ಪದ ಹಗ್ಗದ ತುಂಡು ಕೊಟ್ಟು, ಕುರ್ಚಿಯ ಕಾಲಿಗೆ ಎಳೆದಷ್ಟೂ ಬಿಗಿಯಾಗುವ ಗಂಟು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹೀಗೆ ಒಂದೊಂದನ್ನೇ ಹಾಕಿ ತೋರಿಸಲಿ. ಆರು ವರ್ಷದವಳು ಗಂಟಿನ ಗುಟ್ಟು ಹಿಡಿಯಲು ಮತ್ತೆ ಮತ್ತೆ ಪ್ರಯತ್ನಿಸುತ್ತಾಳೆ, ಚಿಕ್ಕವನಿಗೆ ಎಳೆದು ಬಿಚ್ಚುವುದೇ ಸಂತೋಷ. ಹಗ್ಗದ ಆಟ ಮುಗಿಯುವವರೆಗೆ ದೊಡ್ಡವರು ಪಕ್ಕದಲ್ಲಿರಬೇಕು, ಕುತ್ತಿಗೆಗೆ ಹಗ್ಗ ಬೇಡವೇ ಬೇಡ.

ಮಗಳಿಗೆ ಇನ್ನೊಂದು ಕೆಲಸ ವಹಿಸಿ: ಮಳೆ ಅಳೆಯುವುದು. ತಳವೂ ಬಾಯಿಯೂ ಒಂದೇ ಅಗಲವಿರುವ, ಒಂದು ಗೇಣಿಗಿಂತ ಎತ್ತರದ ಸ್ಟೀಲ್ ಡಬ್ಬಿಯನ್ನು ತಾರಸಿಯ ಮೇಲೋ ಅಂಗಳದಲ್ಲೋ, ಸೂರಿನ ನೀರು ಬೀಳದ ಜಾಗದಲ್ಲಿ, ಎರಡು ಇಟ್ಟಿಗೆಗಳ ನಡುವೆ ತಂದೆಯವರು ನಿಲ್ಲಿಸಲಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದು ಬೆಳಿಗ್ಗೆ 8.30ಕ್ಕೆ, ಅದೇ ಹೊತ್ತಿಗೆ ಡಬ್ಬಿಯನ್ನು ಒಳಗೆ ತರಿಸಿ ಸ್ಕೇಲ್ ಇಳಿಸಿ ನೋಡಲಿ. ಶಾಲೆಯ ಸ್ಕೇಲಿನಲ್ಲಿ ಸೊನ್ನೆಯ ಗೆರೆ ತುದಿಯಿಂದ ಸ್ವಲ್ಪ ಒಳಗಿರುತ್ತದೆ, ಆ ಚೂರನ್ನೂ ಸೇರಿಸಿಕೊಳ್ಳಬೇಕೆಂದು ಅವಳೇ ಕಂಡುಹಿಡಿಯುವಂತೆ ಬಿಟ್ಟರೆ ಒಳ್ಳೆಯದು. ಒಂದು ಸೆಂಟಿಮೀಟರ್ ನೀರೆಂದರೆ 10 ಮಿಲಿಮೀಟರ್ ಮಳೆ. 64.5 ಮಿ.ಮೀ. ಮುಟ್ಟಿದರೆ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನ ವರ್ಗ. ಸಿಕ್ಕ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಬರೆಸಿ. ಆರಿದ್ರಾ, ಪುನರ್ವಸು, ಪುಷ್ಯ ಇವುಗಳಲ್ಲಿ ಯಾವ ಮಳೆ ಹೆಚ್ಚು ಸುರಿಯಿತೆಂದು ಕೂಡಿಸಿ ನೋಡುವಷ್ಟರಲ್ಲಿ ಅವಳಿಗೆ ಸಂಕಲನವೂ ಬಂದಿರುತ್ತದೆ.

ಮಧ್ಯಾಹ್ನಕ್ಕೆ ಚೆನ್ನೆಮಣೆ ಇದೆ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಏಳೇಳು ವೃತ್ತಗಳ ಎರಡು ಸಾಲು ಬರೆದು, ಒಂದೊಂದರಲ್ಲಿ ನಾಲ್ಕರಂತೆ 56 ಹುಣಸೆ ಬೀಜ ಹಾಕಿ ಆಡಬಹುದು. ಆದರೆ ಇದು ಮಗಳ ಆಟ, ಮಗನದ್ದಲ್ಲ. ಆ ವಯಸ್ಸಿನವರು ಬೀಜವನ್ನು ಬಾಯಿಗೆ, ಮೂಗಿಗೆ, ಕಿವಿಗೆ ಹಾಕಿಕೊಳ್ಳುವುದು ಸಾಮಾನ್ಯ, ಗಂಟಲಲ್ಲಿ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಗುಲಗಂಜಿಯಂತೂ ವಿಷ, ಅದು ಯಾರ ಆಟಕ್ಕೂ ಬೇಡ. ಅಕ್ಕ ಚೆನ್ನೆ ಆಡುವಾಗ ತಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಈರುಳ್ಳಿ ಒಂದು ಬುಟ್ಟಿಗೆ, ಬಟಾಟೆ ಇನ್ನೊಂದಕ್ಕೆ ಹಾಕಿಸಿ, ಡಬ್ಬಿಗಳಿಗೆ ಸರಿಯಾದ ಮುಚ್ಚಳ ಹುಡುಕಿಸಿ. ಮನೆಯೊಳಗೆ ಹಗ್ಗದ ಮೇಲೆ ಒಣಗದೆ ನೇತಾಡುವ ಬಟ್ಟೆಗಳಲ್ಲಿ ಯಾವುದು ಯಾರದ್ದೆಂದು ಹೇಳುವುದೂ ಅವನಿಗೆ ಆಟವೇ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಒಂದೂವರೆ ವರ್ಷ. ಬೇಸಿಗೆಯಲ್ಲಿ ಅಂಗಳದಲ್ಲಿ ಕಾಗೆ, ಕರು ತೋರಿಸುತ್ತ ಉಣ್ಣಿಸುತ್ತಿದ್ದೆವು. ಮಳೆ ಹಿಡಿದ ಮೇಲೆ ಮೊಬೈಲ್ ಇಲ್ಲದೆ ತುತ್ತು ಇಳಿಯುತ್ತಿಲ್ಲ.
– ಒಬ್ಬ ಅಜ್ಜಿ, ಶಿರಸಿ

ಉತ್ತರ: ಅಮ್ಮಾ, ಎರಡು ವರ್ಷ ತುಂಬುವವರೆಗೆ ಮೊಬೈಲ್, ಟಿ.ವಿ. ತೋರಿಸುತ್ತ ಕೂರಿಸುವುದು ಬೇಡವೆಂದೇ ಮೇಲೆ ಹೇಳಿದ ಮಾರ್ಗಸೂಚಿ ಹೇಳುತ್ತದೆ. ಅವನಿಗೆ ಬೇಕಾಗಿರುವುದು ನೋಡಲು ಏನಾದರೊಂದು, ಅದು ಜಗುಲಿಯಿಂದಲೂ ಸಿಗುತ್ತದೆ. ಸೂರಿನಿಂದ ಇಳಿಯುವ ನೀರಿನ ಕೆಳಗೆ ಒಂದು ಪಾತ್ರೆ, ಒಂದು ತೆಂಗಿನ ಕರಟ, ಒಂದು ಹಾಳೆ ಇಟ್ಟು, ಮೂರರ ಸದ್ದು ಕೇಳಿಸುತ್ತ ಕುಳಿತುಕೊಳ್ಳಿ. ಊಟದಲ್ಲಿ ಒಂದು ಪಾಲನ್ನು ಬಾಳೆಲೆಯ ಚೂರಿನ ಮೇಲೆ ಬಡಿಸಿ ಅವನ ಕೈಗೇ ಬಿಟ್ಟುಬಿಡಿ, ಚೆಲ್ಲುತ್ತಾನೆ, ಚೆಲ್ಲಲಿ. ಮೊದಲ ಕೆಲವು ದಿನ ಹಠ ಮಾಡಿ ಕಡಿಮೆ ಉಂಡರೆ ಗಾಬರಿಯಾಗಿ ಮತ್ತೆ ಮೊಬೈಲ್ ಕೊಡಬೇಡಿ. ತೂಕ ಇಳಿಯುತ್ತಿದೆ ಅನ್ನಿಸಿದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ. ಆಟ ಮುಗಿದೊಡನೆ ಪಾತ್ರೆಯ ನೀರು ಚೆಲ್ಲಿ ಬೋರಲು ಹಾಕಿ, ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿಡಿ. ಈ ವಯಸ್ಸಿನ ಮಗುವಿಗೆ ಒಂದು ಬಕೆಟ್ ನೀರೂ ಅಪಾಯವೇ.