ಮೀನಿನ ಅಮೈನೋದಲ್ಲಿ ಅಮೈನೋ ಆಮ್ಲ ಇದೆಯಾ? ಹೊಸನಗರದವರ ಪ್ರಶ್ನೆಗೆ

ಹೊಸನಗರದ ತಮ್ಮ ಎರಡು ಪ್ರಶ್ನೆ ಒಟ್ಟಿಗೆ ಹಾಕಿದ್ದಾರೆ. ಗಿಡಕ್ಕೆ ಹಾಕೋದಕ್ಕೆ ಮನೆಯಲ್ಲಿ ಮೀನು-ಬೆಲ್ಲ ಸಮ ಹಾಕಿ ಒಂದು ತಿಂಗಳು ಕೊಳೆಸಿದ ದ್ರವದಲ್ಲಿ (ಇದನ್ನೇ ಮೀನಿನ ಅಮೈನೋ ಅನ್ನೋದು) ನಿಜಕ್ಕೂ ಅಮೈನೋ ಆಮ್ಲ, ಅಂದರೆ ಪ್ರೋಟೀನು ಒಡೆದಾಗ ಸಿಗುವ ಬಿಡಿ ತುಣುಕು, ಆಗಿದೆಯಾ? ಅಂಗಡಿಯಿಂದ ತಂದ ಬಾಟಲಿಯಲ್ಲಿ ಲೇಬಲ್ ಹೇಳಿದ್ದು ಇದೆಯಾ? ಮಗಳು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದ್ತಾಳಂತೆ, ಕಾಲೇಜಿನ ಲ್ಯಾಬಲ್ಲಿ ನೋಡಬಹುದಾ ಅಂತ.

ನೋಡಬಹುದು. ನಾನು ಕೆಮಿಸ್ಟ್ರಿ ಲ್ಯಾಬಲ್ಲಿ ವರ್ಷಗಟ್ಟಲೆ ಟ್ಯೂಬು ತೊಳೆದವನು, ಈಗ ತೀರ್ಥಹಳ್ಳಿ ಕಡೆ ಒಂದೂವರೆ ಎಕರೆ ಅಡಿಕೆ ನೋಡಿಕೊಂಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಯಾವ ಪರೀಕ್ಷೆ ಮಾಡಿದರೂ ಮೂರು ಟ್ಯೂಬು ಇಡಿ. ಒಂದರಲ್ಲಿ ನಿಮ್ಮ ಸ್ಯಾಂಪಲ್, ಒಂದರಲ್ಲಿ ಬರೀ ಡಿಸ್ಟಿಲ್ಡ್ ವಾಟರ್, ಒಂದರಲ್ಲಿ ಆ ಬಣ್ಣ ಕೊಡುತ್ತದೆ ಅಂತ ಮೊದಲೇ ಗೊತ್ತಿರುವ ವಸ್ತು. ಪಕ್ಕದಲ್ಲಿ ಈ ಎರಡು ಇಲ್ಲದೆ ಬಂದ ಬಣ್ಣವನ್ನು ನಾನು ಲೆಕ್ಕಕ್ಕೇ ಇಡೋದಿಲ್ಲ. ಬೆಲ್ಲದ ಕಂದು ಬಣ್ಣ ಎಲ್ಲವನ್ನೂ ಮುಚ್ಚಿಬಿಡುತ್ತೆ, ಹಾಗಾಗಿ ಸೋಸಿ, ಒಂದಕ್ಕೆ ಐವತ್ತರಷ್ಟು ನೀರು ಸೇರಿಸಿ ತೆಳ್ಳಗೆ ಮಾಡಿಕೊಳ್ಳಿ.

ಮೊದಲು ನಿನ್‌ಹೈಡ್ರಿನ್, ಅಮೈನೋ ಆಮ್ಲದ ಜೊತೆ ಸೇರಿ ಬಣ್ಣ ಕೊಡುವ ಲ್ಯಾಬಿನ ಔಷಧಿ. ಅಸಿಟೋನ್ ಅಥವಾ ಆಲ್ಕೋಹಾಲಿನಲ್ಲಿ ಕರಗಿಸಿದ 0.2% ದ್ರಾವಣ ಸಾಕು. 1 ಮಿ.ಲೀ. ಸ್ಯಾಂಪಲ್‌ಗೆ ಹತ್ತು ಹನಿ ಹಾಕಿ ಕುದಿನೀರಿನ ಬೀಕರ್‌ನಲ್ಲಿ ಐದು ನಿಮಿಷ ನಿಲ್ಲಿಸಿ. ನೇರಳೆ ಬಂದರೆ ಅಮೈನೋ ಗುಂಪು ಇದೆ ಎಂದರ್ಥ. ಇದರಿಂದ 'ಯಾವ ಅಮೈನೋ ಆಮ್ಲ' ಅಂತ ಮಾತ್ರ ಗೊತ್ತಾಗೋದಿಲ್ಲ. ನಿನ್‌ಹೈಡ್ರಿನ್ ಅಮೈನೋ ಆಮ್ಲದಿಂದ ಸಾರಜನಕವನ್ನಷ್ಟೇ ಕಿತ್ತುಕೊಂಡು, ತನ್ನವೇ ಎರಡು ಅಣುಗಳ ನಡುವೆ ಸಿಕ್ಕಿಸಿಕೊಂಡು ಆ ಬಣ್ಣವಾಗುತ್ತೆ. ಉಳಿದ ಭಾಗ ಬಣ್ಣದೊಳಗೆ ಇರೋದೇ ಇಲ್ಲ. ಗ್ಲೈಸಿನ್ ಆದರೂ ಲ್ಯೂಸಿನ್ ಆದರೂ ಅದೇ ನೇರಳೆ. ಪ್ರೋಲಿನ್, ಹೈಡ್ರಾಕ್ಸಿಪ್ರೋಲಿನ್ ಮಾತ್ರ ಹಳದಿ ಕೊಡ್ತವೆ, ಆದರೆ ಮಿಶ್ರಣದಲ್ಲಿ ನೇರಳೆಯ ಅಡಿ ಆ ಹಳದಿ ಕಾಣೋದಿಲ್ಲ.

ಎಲ್ಲರೂ ಮೋಸಹೋಗೋದು ಇಲ್ಲೇ. ಅಮೋನಿಯಾ ಕೂಡ ನಿನ್‌ಹೈಡ್ರಿನ್‌ಗೆ ನೇರಳೆ ಕೊಡುತ್ತೆ. ಒಮ್ಮೆ ಹಳೇ ಗೋಮೂತ್ರಕ್ಕೆ ಹಾಕಿ, ಗಾಢ ಬಣ್ಣ ಬಂದದ್ದು ನೋಡಿ ಊರಿಗೆಲ್ಲ ಹೇಳಿಕೊಂಡು ಬಂದವನು ನಾನೇ. ಕೊಳೆತ ಮೀನಿನಲ್ಲೂ ಅಮೋನಿಯಾ ಧಾರಾಳ ಇರುತ್ತೆ. ಅದನ್ನು ಮನೆಯಲ್ಲೇ ಹಿಡಿಯಬಹುದು: ಸಣ್ಣ ಬಾಟಲಿಗೆ ಸ್ವಲ್ಪ ಸ್ಯಾಂಪಲ್, ಒಂದು ಚಮಚ ಸುಣ್ಣ. ಅರಿಶಿನದ ನೀರಲ್ಲಿ ಅದ್ದಿದ ಒದ್ದೆ ಕಾಗದವನ್ನು ಬಾಯಿಗೆ ತೂಗಿಬಿಟ್ಟು ಬಾಟಲಿ ಬಿಸಿ ಮಾಡಿ. ಆರತಿ ನೀರು ಕೆಂಪಾದ ಹಾಗೆ ಕಾಗದ ಕೆಂಪಾದರೆ ಅಮೋನಿಯಾ ಇದೆ. ಸುಣ್ಣ ಕಾಗದಕ್ಕೆ ತಾಗಬಾರದು, ತಾಗಿದರೆ ಅದರಿಂದಲೇ ಕೆಂಪಾಗುತ್ತೆ. ಅಮೋನಿಯಾ ಇದ್ದರೆ, ಸ್ಯಾಂಪಲ್ಲನ್ನು ಕ್ಷಾರ ಮಾಡಿ, ವಾಸನೆ ಹೋಗುವ ತನಕ ತೆರೆದು ಕಾಯಿಸಿ, ಅಸಿಟಿಕ್ ಆಮ್ಲ ಹಾಕಿ ಪಿಎಚ್ 5ರ ಹತ್ತಿರ ತಂದು, ಮಗಳು ಮತ್ತೆ ನಿನ್‌ಹೈಡ್ರಿನ್ ಹಾಕಲಿ. ಆಮೇಲೂ ನೇರಳೆ ಬಂದರೆ ನಂಬಬಹುದು.

ಆಮೇಲೆ ಬೈಯುರೆಟ್, ಒಡೆಯದೆ ಉಳಿದ ಪ್ರೋಟೀನು ಹುಡುಕುವ ಪರೀಕ್ಷೆ. ನಮ್ಮ ಮೈಲುತುತ್ತದ್ದೇ (ತಾಮ್ರದ ಸಲ್ಫೇಟ್) ಕೆಲಸ ಇದು. 2 ಮಿ.ಲೀ. ಸ್ಯಾಂಪಲ್, ಅಷ್ಟೇ 10% ಕಾಸ್ಟಿಕ್ ಸೋಡಾ, ಮೇಲೆ 1% ಮೈಲುತುತ್ತದ ದ್ರಾವಣ ಎರಡು-ಮೂರು ಹನಿ. ಜಾಸ್ತಿ ಹಾಕಿದರೆ ಬರೀ ನೀಲಿ ಕಾಣುತ್ತೆ. ಕಾಯಿಸಲೂ ಬೇಡಿ, ಬೆಲ್ಲದ ಸಕ್ಕರೆ ತಾಮ್ರವನ್ನು ಕೆಂಪಗೆ ಇಳಿಸಿಬಿಡುತ್ತೆ. ಹೋಲಿಕೆಗೆ ಮೊಟ್ಟೆಯ ಬಿಳಿ ಇಡಿ. ನೇರಳೆ ಬಂದರೆ ಪ್ರೋಟೀನು ಅಥವಾ ಅದರ ತುಂಡುಗಳು ಇನ್ನೂ ಉಳಿದಿವೆ, ಪೂರ್ತಿ ಒಡೆದಿಲ್ಲ. ಬಿಡಿ ಅಮೈನೋ ಆಮ್ಲಗಳು ಈ ಬಣ್ಣ ಕೊಡೋದಿಲ್ಲ (ಹಿಸ್ಟಿಡಿನ್ ಒಂದು ಬಿಟ್ಟು). ನಿನ್‌ಹೈಡ್ರಿನ್ ಗಾಢ, ಬೈಯುರೆಟ್ ತೆಳು ಅಂದರೆ ನಿಮ್ಮ ಡ್ರಮ್ಮಿನ ಕೆಲಸ ಚೆನ್ನಾಗಿ ಆಗಿದೆ. ಅಂದಹಾಗೆ, ಕೇಂಬ್ರಿಜ್‌ನಲ್ಲಿ ರೂಹೆಮನ್ ಅನ್ನೋ ಕೆಮಿಸ್ಟ್ ನಿನ್‌ಹೈಡ್ರಿನ್ ಕಂಡುಕೊಂಡದ್ದು 1910ರಲ್ಲಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಅಡಿಕೆ ಕೊಳೆರೋಗದ ಬಗ್ಗೆ ಬರೆದು ಪ್ರಕಟಿಸಿದ್ದೂ ಅದೇ ವರ್ಷ.

ಇನ್ನು 'ಯಾವುದು' ಅನ್ನೋದು. ಅಂಗಡಿ ಬಾಟಲಿಗೆ ಇದು ಬೇಕಾಗುತ್ತೆ. ಗಟ್ಟಿ ನೈಟ್ರಿಕ್ ಆಮ್ಲ ಹಾಕಿ ಬಿಸಿ ಮಾಡಿದರೆ ಹಳದಿ, ತಣ್ಣಗಾದ ಮೇಲೆ ಕ್ಷಾರ ಹಾಕಿದರೆ ಕಿತ್ತಳೆ: ಟೈರೋಸಿನ್, ಟ್ರಿಪ್ಟೊಫಾನ್ ಇವೆ. (ಈ ಆಮ್ಲ ಬೆರಳಿಗೆ ತಾಗಿ ಹಳದಿ ಕಲೆ ಆಗೋದೂ ಇದೇ ಪರೀಕ್ಷೆ, ನಮ್ಮ ಚರ್ಮದ ಮೇಲೆ!) 40% ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಲೆಡ್ ಅಸಿಟೇಟ್ (ಸೀಸದ ಲವಣ) ಹಾಕಿ ಕಪ್ಪಾದರೆ ಸಿಸ್ಟೀನ್ ಅಥವಾ ಸಿಸ್ಟಿನ್. ಗಂಧಕ ಇದ್ದರೂ ಮೆಥಿಯೋನಿನ್ ಕಪ್ಪಾಗೋದಿಲ್ಲ, ಅದರ ಗಂಧಕ ಹಾಗೆ ಸುಲಭಕ್ಕೆ ಬಿಟ್ಟುಬರೋದಲ್ಲ. ಕೊಳೆತ ಮೊಟ್ಟೆ ವಾಸನೆ ಇರುವ ಡ್ರಮ್ಮಿನದ್ದು ಕುದಿಸದೆಯೇ ಕಪ್ಪಾಗಬಹುದು, ಅದು ಸಿಸ್ಟೀನ್ ಅಲ್ಲ, ಬರೀ ಸಲ್ಫೈಡ್. ಗ್ಲೈಆಕ್ಸಿಲಿಕ್ ಆಮ್ಲ ಸೇರಿಸಿ ಟ್ಯೂಬಿನ ಗೋಡೆಗುಂಟ ಗಟ್ಟಿ ಸಲ್ಫ್ಯೂರಿಕ್ ಬಿಟ್ಟಾಗ ನಡುವೆ ನೇರಳೆ ಉಂಗುರ ಬಂದರೆ ಟ್ರಿಪ್ಟೊಫಾನ್.

ಇವೆಲ್ಲ ಸೇರಿಸಿ ಓದಿದರೆ ಬಾಟಲಿಯ ಮೂಲ ಸುಮಾರಾಗಿ ಗೊತ್ತಾಗುತ್ತೆ. ಚರ್ಮ, ಮೂಳೆಯಲ್ಲಿರುವ ಕೊಲಾಜನ್ ಅನ್ನೋ ಪ್ರೋಟೀನಿನಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಗ್ಲೈಸಿನ್ನೇ, ಟ್ರಿಪ್ಟೊಫಾನ್ ಇರೋದಿಲ್ಲ, ಟೈರೋಸಿನ್ ತೀರಾ ಕಮ್ಮಿ. ನಿನ್‌ಹೈಡ್ರಿನ್ ಜೋರು, ನೈಟ್ರಿಕ್ ಪರೀಕ್ಷೆ ಸಪ್ಪೆ, ಉಂಗುರ ಇಲ್ಲ, ಕಪ್ಪೂ ಇಲ್ಲ ಅಂದರೆ ಅಂಥ ಮಾಲಿರಬಹುದು ಅಂತ ನಾನು ಅನುಮಾನಿಸ್ತೇನೆ. ಉಂಗುರ ಒಂದೇ ಬರಲಿಲ್ಲ ಅಂತ ತೀರ್ಮಾನ ಮಾಡಬೇಡಿ, ಆಮ್ಲದಲ್ಲಿ ಕುದಿಸಿ ಒಡೆದರೆ ಯಾವ ಪ್ರೋಟೀನಿನಲ್ಲೂ ಟ್ರಿಪ್ಟೊಫಾನ್ ಹಾಳಾಗುತ್ತೆ. ಕೊಲಾಜನ್ ಮೂಲ ಅಂದಮಾತ್ರಕ್ಕೆ ಗಿಡಕ್ಕೆ ಕೆಟ್ಟದ್ದು ಅಂತಲ್ಲ, ಆದರೆ ಮೀನಿನದ್ದು ಅಂತ ದುಡ್ಡು ತಗೊಂಡಿದ್ದರೆ ಕೇಳೋ ಹಕ್ಕು ನಿಮಗಿದೆ.

ಬೆಲ್ಲ ಇರುವ ಮನೆಯ ಸ್ಯಾಂಪಲ್‌ಗೆ ಉಂಗುರದ ಪರೀಕ್ಷೆ ಬೇಡ. ಸಕ್ಕರೆ ಸಲ್ಫ್ಯೂರಿಕ್‌ನಲ್ಲಿ ಸುಟ್ಟು ಕಪ್ಪಾಗಿ ಏನೂ ತಿಳಿಯೋದಿಲ್ಲ, ಟ್ಯೂಬು ಉಜ್ಜಿ ಉಜ್ಜಿ ಸಾಕಾಗುತ್ತೆ. ಟೈರೋಸಿನ್ ಹುಡುಕುವ ಮಿಲ್ಲನ್ ಪರೀಕ್ಷೆಯನ್ನಂತೂ ಬಿಟ್ಟೇಬಿಡಿ, ಅದರಲ್ಲಿ ಪಾದರಸ ಇದೆ. ಸೀಸದ ಟ್ಯೂಬಿನ ನೀರನ್ನೂ ಸಿಂಕಿಗೆ ಚೆಲ್ಲದೆ ಲ್ಯಾಬಿನ ವೇಸ್ಟ್ ಬಾಟಲಿಗೇ ಹಾಕಲಿ.

ಹೆಸರು ಹಿಡಿದು ಬೇರೆ ಬೇರೆ ಮಾಡಲೇಬೇಕು ಅಂದರೆ ಪೇಪರ್ ಕ್ರೊಮಟೋಗ್ರಫಿ, ಅಂದರೆ ಕಾಗದದ ಮೇಲೆ ದ್ರಾವಣ ಏರಿಸಿ ಒಂದೊಂದನ್ನೂ ಬೇರ್ಪಡಿಸೋದು. ವಾಟ್‌ಮನ್ ನಂಬರ್ 1 ಕಾಗದ, ಬ್ಯುಟನಾಲ್-ಅಸಿಟಿಕ್ ಆಮ್ಲ-ನೀರು 4:1:5 ಕಲಕಿ ಮೇಲಿನ ಪದರ. ನಿಮ್ಮ ಚುಕ್ಕೆಯ ಪಕ್ಕ ಗ್ಲೈಸಿನ್, ಲ್ಯೂಸಿನ್, ಪ್ರೋಲಿನ್ ಚುಕ್ಕೆಗಳನ್ನೂ ಇಡಬೇಕು. ದ್ರಾವಣ ಮೇಲಕ್ಕೆ ಏರಿದ ಮೇಲೆ ಒಣಗಿಸಿ, ನಿನ್‌ಹೈಡ್ರಿನ್ ಚಿಮುಕಿಸಿ 105 ಡಿಗ್ರಿಯಲ್ಲಿ ಕಾಯಿಸಿದರೆ ಚುಕ್ಕೆಗಳು ಎದ್ದುಬರ್ತವೆ. ಲ್ಯೂಸಿನ್ ಮೇಲೆ, ಗ್ಲೈಸಿನ್ ಕೆಳಗೆ, ಪ್ರೋಲಿನ್ ನಡುವೆ ಹಳದಿಯಾಗಿ. ಮಗಳು ಕಾಗದದ ಅಂಚು ಮಾತ್ರ ಹಿಡಿಯಲಿ, ಗ್ಲೌಸ್ ಹಾಕಿಕೊಂಡು. ಬೆವರಲ್ಲೂ ಅಮೈನೋ ಆಮ್ಲ ಇರುತ್ತೆ, ಹೆಬ್ಬೆಟ್ಟಿನ ಗುರುತು ನೇರಳೆಯಾಗಿ ಚುಕ್ಕೆಗಳ ಮಧ್ಯೆ ಮೂಡಿಬಿಡುತ್ತೆ. 1954ರಿಂದ ಪೊಲೀಸರು ಕಾಗದದ ಮೇಲಿನ ಬೆರಳಚ್ಚು ಹುಡುಕೋದಕ್ಕೆ ಬಳಸುತ್ತಿರೋದು ಇದೇ ಔಷಧಿ.

ಎಷ್ಟು ಶೇಕಡಾ ಅನ್ನೋದಕ್ಕೆ ಈ ಬಣ್ಣಗಳು ಸಾಲೋದಿಲ್ಲ, ಫಾರ್ಮಲಿನ್ ಟೈಟ್ರೇಷನ್ (ಹನಿ ಹನಿಯಾಗಿ ಅಳೆದು ಹಾಕಿ ಪ್ರಮಾಣ ಕಂಡುಹಿಡಿಯೋದು) ಮಾಡಬೇಕು. ಮೊದಲು ಅರಿಶಿನದ ಕಾಗದ ಏನಾಯ್ತು ಅಂತ ಇಲ್ಲೇ ಹಾಕಿ, ಟೈಟ್ರೇಷನ್ ವಿಷಯ ಆಮೇಲೆ ಬರೀತೇನೆ.